ನಾಯಿ ಕಚ್ಚಿದ್ದನ್ನು ಬಚ್ಚಿಡಬೇಡಿ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನಕ್ಕೆ ನಾಯಿ ಕಚ್ಚಿದೆ? ತಾವರೆಕೆರೆಯ ಸುತ್ತಮುತ್ತ ಇರಲಿ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ಇರಲಿ, ಶಾಲೆಗೆ ಹೋದಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತೇನೆ. ಮೊದಲು ಒಂದೆರಡು ಕೈಗಳು ಮೇಲೇಳುತ್ತವೆ. "ಪರಚಿದ್ದು, ಹಲ್ಲು ತಾಗಿದ್ದು ಎಲ್ಲ ಸೇರಿಸಿ ಹೇಳಿ" ಎಂದರೆ ಇನ್ನಷ್ಟು ಕೈಗಳು ಏಳುತ್ತವೆ. "ಆ ದಿನವೇ ಮನೆಯಲ್ಲಿ ಹೇಳಿದಿರಾ?" ಎಂದು ಕೇಳಿದರೆ ಕೆಲವರು ಪಕ್ಕದವರ ಮುಖ ನೋಡುತ್ತಾರೆ.

ಯಾಕೆ ಹೇಳಲಿಲ್ಲ ಎಂದರೆ ಉತ್ತರಗಳು ಸಾಮಾನ್ಯವಾಗಿ ಮೂರು. "ಬೈತಾರೆ." "ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತಾರೆ." "ಚಿಕ್ಕ ಗಾಯ, ಅಷ್ಟೇ."

ಈ ಮೂರು ಉತ್ತರಗಳೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಬರೀ ತಪ್ಪಲ್ಲ, ಪ್ರಾಣಕ್ಕೇ ಅಪಾಯ ತರುವ ತಪ್ಪು. ಇದರ ಹೊಣೆ ಮಕ್ಕಳಿಗಿಂತ ದೊಡ್ಡವರಾದ ನಮ್ಮ ಮೇಲೇ ಹೆಚ್ಚು ಎಂದೂ ಹೇಳುತ್ತೇನೆ. ಹೇಗೆ ಎಂದು ತಿಳಿಯಲು, ವೈರಸ್‌ಗಳು ನಮ್ಮ ಮಿದುಳಿಗೆ ಹೇಗೆ ನುಗ್ಗುತ್ತವೆ ಎಂಬುದನ್ನು ಮೊದಲು ನೋಡೋಣ.

ಮಿದುಳಿಗೆ ಕಾವಲಿದೆ

ನಿಮ್ಮ ಮಿದುಳು ತಲೆಬುರುಡೆಯೆಂಬ ಗಟ್ಟಿ ಪೆಟ್ಟಿಗೆಯೊಳಗಿದೆ. ಅದರಿಂದ ಹೊರಟ ಮಿದುಳುಬಳ್ಳಿ ಬೆನ್ನುಮೂಳೆಯೊಳಗೆ ಇಳಿಯುತ್ತದೆ. ಮಿದುಳುಬಳ್ಳಿಯಿಂದ ನರಗಳು ಕವಲೊಡೆದು ಕೈ, ಕಾಲು, ಹೊಟ್ಟೆ, ಚರ್ಮ ಎಲ್ಲ ಕಡೆಗೂ ಹೋಗುತ್ತವೆ. ಇವೆಲ್ಲ ಸೇರಿ ನರಮಂಡಲ. ಮುಳ್ಳು ಚುಚ್ಚಿದ ಸುದ್ದಿ ಕಾಲಿನಿಂದ ಮೇಲಕ್ಕೆ ಹೋಗುವುದೂ, "ಕಾಲು ಎತ್ತು" ಎಂಬ ಆಜ್ಞೆ ಕೆಳಗೆ ಬರುವುದೂ ಇದೇ ದಾರಿಯಲ್ಲಿ.

ಮಿದುಳಿಗೆ ಇನ್ನೊಂದು ಕಾವಲೂ ಇದೆ. ಮಿದುಳಿನಲ್ಲಿ ಹರಿಯುವ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಇಳಿಯದಂತೆ ಅವು ಜರಡಿಯಂತೆ ತಡೆಯುತ್ತವೆ. ಆದ್ದರಿಂದಲೇ ನಮಗೆ ಮತ್ತೆ ಮತ್ತೆ ನೆಗಡಿ, ಜ್ವರ ಬಂದರೂ ಆ ವೈರಸ್‌ಗಳು ಸಾಮಾನ್ಯವಾಗಿ ಮಿದುಳಿಗೆ ಹೋಗುವುದಿಲ್ಲ.

ಆದರೆ ಕೆಲವು ವೈರಸ್‌ಗಳು ಈ ಕಾವಲನ್ನು ದಾಟಬಲ್ಲವು. ಒಂದೊಂದರ ಉಪಾಯ ಒಂದೊಂದು ಬಗೆ.

ಪೋಲಿಯೊ ವೈರಸ್ ಕಲುಷಿತ ನೀರು, ಆಹಾರದ ಮೂಲಕ ಕರುಳಿಗೆ ಸೇರುತ್ತದೆ. ಕೆಲವರಲ್ಲಿ ಅಲ್ಲಿಂದ ಮಿದುಳುಬಳ್ಳಿಗೆ ಹೋಗಿ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಕಾಲು ಸಣಕಲಾಗಿ ಕೋಲು ಹಿಡಿದು ನಡೆಯುವ ಹಿರಿಯರನ್ನು ನೀವು ನೋಡಿರಬಹುದು. ಅವರಲ್ಲಿ ಹಲವರ ಕಾಲಿನ ಸ್ನಾಯು ಸೊರಗಿದ್ದು, ಅದಕ್ಕೆ ಆಜ್ಞೆ ಕೊಡುವ ನರಕೋಶ ಸತ್ತಿದ್ದರಿಂದ. ಲಸಿಕೆಯ ಹನಿಗಳಿಂದಾಗಿ 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ಕಾಡು ಪೋಲಿಯೊ ವೈರಸ್‌ನ ಹೊಸ ರೋಗಿ ಕಂಡುಬಂದಿಲ್ಲ. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು.

ಜಪಾನೀಸ್ ಎನ್‌ಸೆಫಲೈಟಿಸ್ ಅಥವಾ ಮಿದುಳು ಜ್ವರದ ವೈರಸ್ ಸೊಳ್ಳೆ ಕಡಿತದಿಂದ ರಕ್ತಕ್ಕೆ ಸೇರಿ ಅಲ್ಲಿಂದ ಮಿದುಳಿಗೆ ನುಗ್ಗುತ್ತದೆ. 1970ರ ದಶಕದ ಕೊನೆಯಲ್ಲಿ ನಮ್ಮ ನೆರೆಯ ಕೋಲಾರ ಜಿಲ್ಲೆಯಲ್ಲಿ ಇದು ಅನೇಕ ಮಕ್ಕಳನ್ನು ಕಾಡಿತು. ಈಗ ಇದಕ್ಕೂ ಲಸಿಕೆ ಇದೆ. ಮಲೆನಾಡಿನ ಮಂಗನ ಕಾಯಿಲೆಯನ್ನು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ 1957ರಲ್ಲಿ ಮೊದಲು ಗುರುತಿಸಿದರು. ಉಣ್ಣೆ ಕಡಿತದಿಂದ ಬರುವ ಆ ರೋಗದಲ್ಲಿ, ಜ್ವರ ಬಿಟ್ಟು ಮತ್ತೆ ಬಂದಾಗ ಕೆಲವರಿಗೆ ಮಿದುಳಿನ ತೊಂದರೆಯೂ ಕಾಣುತ್ತದೆ.

ಸೀತಾಳೆ ಸಿಡುಬಿನ ವೈರಸ್ ಇನ್ನೂ ಜಾಣ. ಗುಳ್ಳೆ ಒಣಗಿ ಮಗು ಆಟಕ್ಕೆ ಹೋದ ಮೇಲೂ ಅದು ದೇಹ ಬಿಡುವುದಿಲ್ಲ. ಬೆನ್ನುಮೂಳೆಯ ಪಕ್ಕದ ನರದ ಗಂಟುಗಳಲ್ಲಿ ಹತ್ತಾರು ವರ್ಷ ಸುಮ್ಮನೆ ಕುಳಿತಿರುತ್ತದೆ. ವಯಸ್ಸಾಗಿ ದೇಹದ ರೋಗನಿರೋಧಕ ಶಕ್ತಿ ಕುಂದಿದಾಗ ಒಂದು ನರದ ಗುಂಟ ಚರ್ಮಕ್ಕೆ ಬಂದು ಉರಿಯುವ ಗುಳ್ಳೆಗಳ ಪಟ್ಟಿ ಎಬ್ಬಿಸುತ್ತದೆ. ಇದನ್ನೇ ನಮ್ಮ ಕಡೆ ಸರ್ಪಸುತ್ತು ಎನ್ನುವುದು. ಹಾವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನರ ಹೋದ ದಾರಿಯಲ್ಲೇ ಗುಳ್ಳೆ ಏಳುವುದರಿಂದ ಅದು ಪಟ್ಟಿಯಂತೆ ಕಾಣುತ್ತದೆ, ಅಷ್ಟೆ.

ಈ ಎಲ್ಲ ವೈರಸ್‌ಗಳಲ್ಲಿ ಅತ್ಯಂತ ಕ್ರೂರವಾದದ್ದು ರೇಬೀಸ್. ನಾಯಿ ಕಡಿತದ ಮಾತಿಗೆ ಈಗ ಬರೋಣ.

ರೇಬೀಸ್ ವೈರಸ್‌ನ ಪ್ರಯಾಣ

ರೇಬೀಸ್ ವೈರಸ್ ಬಂದೂಕಿನ ಗುಂಡಿನ ಆಕಾರದ್ದು. ಗಾತ್ರ ಎಷ್ಟು ಚಿಕ್ಕದೆಂದರೆ, ನಿಮ್ಮ ಸ್ಕೇಲಿನ ಒಂದು ಮಿಲಿಮೀಟರ್ ಜಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ವೈರಸ್‌ಗಳನ್ನು ಉದ್ದಕ್ಕೆ ಸಾಲಾಗಿ ಮಲಗಿಸಬಹುದು. ರೋಗ ಬಂದ ಪ್ರಾಣಿಯ ಜೊಲ್ಲಿನಲ್ಲಿ ಇದು ಇರುತ್ತದೆ. ಕಚ್ಚಿದಾಗ ಜೊಲ್ಲಿನ ಜೊತೆ ನಮ್ಮ ಗಾಯದೊಳಗೆ ಇಳಿಯುತ್ತದೆ.

ಪೋಲಿಯೊ ಹಾಗೂ ಮಿದುಳು ಜ್ವರದ ವೈರಸ್‌ಗಳಂತೆ ಇದು ರಕ್ತದ ದಾರಿ ಹಿಡಿಯುವುದಿಲ್ಲ. ಮೊದಲು ಗಾಯದ ಬಳಿಯ ಸ್ನಾಯುವಿನಲ್ಲಿ ಕೆಲಕಾಲ ಇರುತ್ತದೆ. ಸ್ನಾಯುವಿಗೆ ನರ ಬಂದು ಸೇರುವ ಜಾಗ ಸಿಕ್ಕಿದೊಡನೆ ನರತಂತುವಿನೊಳಗೆ ನುಸುಳುತ್ತದೆ.

ನಮ್ಮ ದೇಹದ ಕೆಲವು ನರಕೋಶಗಳು ಬಹಳ ಉದ್ದ. ಸೊಂಟದ ಬಳಿ ಮಿದುಳುಬಳ್ಳಿಯಲ್ಲಿರುವ ಒಂದು ಕೋಶದ ತಂತು ಪಾದದವರೆಗೂ ಇಳಿದಿರುತ್ತದೆ. ಅಂದರೆ ಹೆಚ್ಚು ಕಡಿಮೆ ನಿಮ್ಮ ಕಾಲಿನಷ್ಟೇ ಉದ್ದ! ಇಷ್ಟು ಉದ್ದದ ತಂತುವಿನ ತುದಿಗೆ ಆಹಾರ, ಸಾಮಾನು ಸಾಗಿಸಲು, ಅಲ್ಲಿಂದ ಹಿಂದಕ್ಕೆ ತರಲು ಅದರೊಳಗೆ ಕಂಬಿಗಳಂಥ ಸೂಕ್ಷ್ಮ ನಾಳಗಳಿವೆ. ಅವುಗಳ ಮೇಲೆ ಸಾಮಾನು ಹೊತ್ತು ಸಾಗುವ ಪ್ರೋಟೀನುಗಳೂ ಇವೆ. ರೇಬೀಸ್ ವೈರಸ್ ಈ ಗಾಡಿಯನ್ನೇ ಹತ್ತಿ ಟಿಕೆಟ್ಟಿಲ್ಲದೆ ಮೇಲಕ್ಕೆ ಹೊರಡುತ್ತದೆ.

ಈ ಗಾಡಿಯ ವೇಗ ಎಷ್ಟು? ದಿನಕ್ಕೆ ಸುಮಾರು ಒಂದರಿಂದ ಹತ್ತು ಸೆಂಟಿಮೀಟರ್ ಎಂದು ಅಂದಾಜು. ಮುಳ್ಳು ಚುಚ್ಚಿದ ಸುದ್ದಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಿದುಳು ಮುಟ್ಟುತ್ತದೆ. ಅದೇ ನರದಲ್ಲಿ ವೈರಸ್ ಮಾತ್ರ ಆಮೆಯಂತೆ ಹೋಗುತ್ತದೆ. ಸ್ನಾಯುವಿನಲ್ಲಿ ಅದು ಕಾಯುವ ಕಾಲವೂ ಸೇರಿದರೆ, ಕಚ್ಚಿದ ದಿನದಿಂದ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ಒಂದು ವಾರ, ಕೆಲವರಲ್ಲಿ ಒಂದು ವರ್ಷವೂ ಆಗಬಹುದು. ಮುಖಕ್ಕೋ ಕತ್ತಿಗೋ ಕಚ್ಚಿದರೆ ದಾರಿ ಹತ್ತಿರ. ಆದ್ದರಿಂದ ಸಮಯ ಕಡಿಮೆ. ಮಕ್ಕಳು ಕುಳ್ಳಗಿರುವುದರಿಂದ ನಾಯಿಯ ಬಾಯಿ ಅವರ ಮುಖಕ್ಕೆ ಸುಲಭವಾಗಿ ಎಟುಕುತ್ತದೆ ಎಂಬುದನ್ನು ನೆನಪಿಡಿ.

ಈ ಪ್ರಯಾಣದ ಕಾಲದಲ್ಲಿ ನಿಮಗೆ ಏನೂ ಆಗುವುದಿಲ್ಲ. ಜ್ವರ ಇಲ್ಲ, ನೋವಿಲ್ಲ. ಗಾಯ ಮಾಯ್ದು ಕಲೆಯೂ ಮಾಸಿರಬಹುದು. "ಚಿಕ್ಕ ಗಾಯ, ಅಷ್ಟೇ" ಎಂಬ ಮಾತು ಮೋಸ ಮಾಡುವುದು ಇಲ್ಲೇ.

ಮಿದುಳು ಮುಟ್ಟಿದ ಮೇಲೆ

ವೈರಸ್ ಮಿದುಳಿಗೆ ಸೇರಿ ಅಲ್ಲಿ ಹೆಚ್ಚುತ್ತದೆ. ಆಮೇಲೆ ನರಗಳ ಮೂಲಕವೇ ಕೆಳಗಿಳಿದು ಜೊಲ್ಲಿನ ಗ್ರಂಥಿಗಳಿಗೆ ಬರುತ್ತದೆ. ನಾಯಿಯಲ್ಲಿ ಆಗುವುದೂ ಇದೇ. ಒಂದು ಕಡೆ ಜೊಲ್ಲಿನಲ್ಲಿ ವೈರಸ್ ತುಂಬಿರುತ್ತದೆ. ಇನ್ನೊಂದು ಕಡೆ ಮಿದುಳು ಕೆಟ್ಟ ನಾಯಿ ಸಿಕ್ಕವರನ್ನೆಲ್ಲ ಕಚ್ಚುತ್ತದೆ. ವೈರಸ್ ಇನ್ನೊಂದು ದೇಹಕ್ಕೆ ದಾಟಲು ಇಷ್ಟು ಸಾಕು. ನಾವು "ಹುಚ್ಚುನಾಯಿ" ಎನ್ನುತ್ತೇವೆ. ನಿಜವಾಗಿ ಅದು ಮಿದುಳಿನ ಸೋಂಕಿನಿಂದ ನರಳುತ್ತಿರುವ ನಾಯಿ. ಕೆಲವು ನಾಯಿಗಳು ಕಚ್ಚಲು ಬರುವುದೇ ಇಲ್ಲ. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ ಮೂಲೆಯಲ್ಲಿ ಮಂಕಾಗಿ ಬಿದ್ದಿರುತ್ತವೆ. ಅಯ್ಯೋ ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಎಂದು ಅದರ ಬಾಯಿಗೆ ಕೈ ಹಾಕುವವರಿಗೂ ಅಪಾಯವಿದೆ.

ಮನುಷ್ಯರಲ್ಲಿ ಮೊದಲು ಜ್ವರ ಬರುತ್ತದೆ. ಹಳೆಯ ಗಾಯದ ಜಾಗದಲ್ಲಿ ಜುಮುಜುಮು ಎನ್ನುತ್ತದೆ. ಆಮೇಲೆ ನೀರು ಕುಡಿಯಲು ಹೋದರೆ ಗಂಟಲಿನ ಸ್ನಾಯುಗಳು ಹಿಂಡಿದಂತೆ ಬಿಗಿಯುತ್ತವೆ. ಕೊನೆಗೆ ನೀರು ಕಂಡರೂ, ಗಾಳಿ ಬೀಸಿದರೂ ಹಾಗಾಗುತ್ತದೆ. ಇದಕ್ಕೇ ಜಲಭೀತಿ ಎಂದು ಹೆಸರು. ಬಾಯಾರಿದ್ದರೂ ನೀರು ಕುಡಿಯಲಾಗದ ಸಂಕಟ ಅದು. ಕೆಲವರಿಗೆ ಜಲಭೀತಿ ಬರದೆ ಕೈಕಾಲು ನಿಧಾನವಾಗಿ ಸೋಲುತ್ತವೆ.

ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಮಂಡಲಕ್ಕೆ ತಗಲುವ ವೈರಸ್‌ಗಳಿಗೆಂದೇ ಒಂದು ವಿಭಾಗವಿದೆ. ರೇಬೀಸ್ ಸಂಶೋಧನೆಯಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಅಷ್ಟು ದೊಡ್ಡ ಸಂಸ್ಥೆಯ ವೈದ್ಯರ ಬಳಿಯೂ, ಮಿದುಳು ಮುಟ್ಟಿದ ರೇಬೀಸನ್ನು ಖಂಡಿತವಾಗಿ ಗುಣಪಡಿಸುವ ಔಷಧಿ ಇಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಏನಿದೆ? ಆಮೆಯ ದಾರಿಯಲ್ಲಿ ಹೋಗುವ ವೈರಸ್ ತಾನಾಗಿ ಕೊಟ್ಟ ಸಮಯವಿದೆ. ಆ ಸಮಯವನ್ನು ಬಳಸಿದವರು ಉಳಿಯುತ್ತಾರೆ. ಬಚ್ಚಿಟ್ಟು ಕಳೆದವರು ಉಳಿಯುವುದಿಲ್ಲ. ಈ ಲೇಖನದಲ್ಲಿ ನೀವು ನೆನಪಿಡಬೇಕಾದ ಮಾತು ಇದೊಂದೇ.

ಸೋಪು ಯಾಕೆ ಮದ್ದು?

ಮೊದಲ ಮದ್ದು ಆಸ್ಪತ್ರೆಯಲ್ಲಿಲ್ಲ, ನಿಮ್ಮ ಬಚ್ಚಲಲ್ಲಿದೆ. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಸ್‌ನ ಮೈಮೇಲೆ ಕೊಬ್ಬಿನ ತೆಳು ಹೊದಿಕೆ ಇದೆ. ಸೋಪು ಆ ಕೊಬ್ಬನ್ನು ಕರಗಿಸುತ್ತದೆ. ಹೊದಿಕೆ ಕಳಚಿದ ವೈರಸ್ ನರಕ್ಕೆ ನುಸುಳಲಾರದು. ಕೊರೊನಾ ಕಾಲದಲ್ಲಿ ಕೈ ತೊಳೆಯಿರಿ ಎಂದು ಹೇಳಿದ್ದೂ ಇದೇ ಕಾರಣಕ್ಕೆ.

ನೀವೇ ಪರೀಕ್ಷಿಸಿ. ಎರಡು ತಟ್ಟೆಗಳಿಗೆ ಒಂದೊಂದು ಹನಿ ಕಡಲೆಕಾಯಿ ಎಣ್ಣೆ ಸವರಿ. ಒಂದನ್ನು ಬರೀ ನೀರಿನಿಂದ, ಇನ್ನೊಂದನ್ನು ಸೋಪು ಹಾಕಿ ತೊಳೆಯಿರಿ. ಯಾವ ತಟ್ಟೆಯ ಜಿಡ್ಡು ಹೋಯಿತು? ಯಾಕೆ ಎಂದು ತರಗತಿಯಲ್ಲಿ ಚರ್ಚಿಸಿ. ಆಮೇಲೆ ಗಡಿಯಾರ ಇಟ್ಟುಕೊಂಡು 15 ನಿಮಿಷ ಎಂದರೆ ಎಷ್ಟು ಹೊತ್ತು ಎಂದು ನೋಡಿ. ನೀವು ಅಂದುಕೊಂಡಿದ್ದಕ್ಕಿಂತ ತುಂಬ ಹೆಚ್ಚು ಹೊತ್ತು ಅದು. ಒಂದು ಚೊಂಬು ನೀರು ಸುರಿದು "ತೊಳೆದಾಯ್ತು" ಎನ್ನುವುದು ಸಾಲದು.

ಪಾವಗಡದ ಕಡೆಯವರು ಕೇಳಬಹುದು: "ಸಾರ್, ಬೇಸಿಗೆಯಲ್ಲಿ ಕುಡಿಯೋಕೇ ನೀರಿಲ್ಲ, 15 ನಿಮಿಷ ಎಲ್ಲಿಂದ ತರೋದು?" ನ್ಯಾಯವಾದ ಪ್ರಶ್ನೆ. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಿಂದ ಸಣ್ಣಗೆ ಸುರಿಯುತ್ತ ಇರಲಿ, ಇನ್ನೊಬ್ಬರು ಸೋಪು ಹಚ್ಚುತ್ತ ತೊಳೆಯಲಿ. ಬೇರೆ ಎಲ್ಲದಕ್ಕೂ ನೀರು ಉಳಿಸಿ. ಇದಕ್ಕೆ ಮಾತ್ರ ಉಳಿಸಬೇಡಿ.

ಸುಣ್ಣ, ಖಾರದಪುಡಿ, ಅರಿಶಿನ, ಕಾಫಿಪುಡಿ, ಸೀಮೆಎಣ್ಣೆ ಯಾವುದನ್ನೂ ಗಾಯಕ್ಕೆ ಹಾಕಬಾರದು. ಇವು ಗಾಯವನ್ನು ಕೆರಳಿಸುತ್ತವೆ. ಅದಕ್ಕಿಂತ ಹೆಚ್ಚಾಗಿ, "ಮದ್ದು ಹಾಕಿಯಾಯ್ತು" ಎಂಬ ಸಮಾಧಾನ ಕೊಟ್ಟು ಆಸ್ಪತ್ರೆಗೆ ಹೋಗದಂತೆ ಮಾಡುತ್ತವೆ. ಗಾಯಕ್ಕೆ ಬಿಗಿಯಾಗಿ ಬಟ್ಟೆಯನ್ನೂ ಕಟ್ಟಬಾರದು.

ಹೊಟ್ಟೆಗೆ ಹದಿನಾಲ್ಕು ಸೂಜಿ ಈಗಿಲ್ಲ

ಎರಡನೆಯ ಮದ್ದು ಲಸಿಕೆ. ಇದರ ಕಥೆ ನಿಮ್ಮಂಥ ಒಬ್ಬ ಹುಡುಗನಿಂದ ಶುರುವಾಗುತ್ತದೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ಚರ್ ಬಳಿಗೆ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನನ್ನು ಅವನ ತಾಯಿ ಕರೆತಂದರು. ಹುಚ್ಚುನಾಯಿ ಅವನನ್ನು ಹಲವು ಕಡೆ ಕಚ್ಚಿತ್ತು. ಪಾಸ್ಚರ್ ವೈದ್ಯರಲ್ಲ, ರಸಾಯನ ವಿಜ್ಞಾನಿ. ರೇಬೀಸ್ ಬಂದ ಮೊಲಗಳ ಮಿದುಳುಬಳ್ಳಿಯನ್ನು ಒಣಗಿಸಿ, ಅದರಿಂದ ಲಸಿಕೆ ಮಾಡಿ ನಾಯಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಆ ಲಸಿಕೆಯನ್ನು ವೈದ್ಯರೊಬ್ಬರ ಕೈಯಿಂದ ಹುಡುಗನಿಗೆ ಕೊಡಿಸಿದರು. ಹುಡುಗ ಬದುಕಿದ. ರೇಬೀಸ್ ವೈರಸನ್ನು ಆಗ ಯಾರೂ ಕಣ್ಣಿಂದ ನೋಡಿರಲಿಲ್ಲ ಎಂಬುದು ಇನ್ನೂ ದೊಡ್ಡ ಅಚ್ಚರಿ.

ನಮ್ಮ ದೇಶದಲ್ಲಿ ಕಸೌಲಿಯಲ್ಲಿ 1900ರಲ್ಲಿ, ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಸ್ಚರ್ ಸಂಸ್ಥೆಗಳು ಶುರುವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ಇನ್ನೊಂದು ಬಗೆಯ ಲಸಿಕೆ ರೂಪಿಸಿದರು. ಅದನ್ನು ನಮ್ಮಲ್ಲಿ ಕುರಿಗಳ ಮಿದುಳಿನಲ್ಲಿ ವೈರಸ್ ಬೆಳೆಸಿ, ಆಮೇಲೆ ಆ ವೈರಸನ್ನು ಸಾಯಿಸಿ ತಯಾರಿಸುತ್ತಿದ್ದರು. ಹೌದು, ಶಿರಾ ಸೀಮೆಯ ಬಯಲಲ್ಲಿ ಮೇಯುವಂಥ ಕುರಿಗಳೇ! ಈ ಲಸಿಕೆಯನ್ನೇ ಹೊಟ್ಟೆಯ ಚರ್ಮದ ಅಡಿಗೆ ದಿನಕ್ಕೊಂದರಂತೆ ಹತ್ತು, ಹದಿನಾಲ್ಕು ಸೂಜಿ ಕೊಡುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯರು ಹೇಳುವುದು ಸುಳ್ಳಲ್ಲ.

ಈ ಹಳೆಯ ಲಸಿಕೆ ಎಷ್ಟೋ ಜೀವ ಉಳಿಸಿತು. ಆದರೆ ಅದರಲ್ಲಿ ಒಂದು ದೋಷವಿತ್ತು. ಅದರ ಜೊತೆ ಕುರಿಯ ಮಿದುಳಿನ ಅಂಶವೂ ನಮ್ಮ ದೇಹಕ್ಕೆ ಹೋಗುತ್ತಿತ್ತು. ಕುರಿಯ ಮಿದುಳಿಗೂ ನಮ್ಮ ಮಿದುಳಿಗೂ ಹೋಲಿಕೆ ಇರುವುದರಿಂದ, ಕೆಲವರ ದೇಹ ತನ್ನದೇ ನರಗಳ ಮೇಲೆ ತಿರುಗಿ ಬೀಳುತ್ತಿತ್ತು. ಅಂಥವರಿಗೆ ಪಾರ್ಶ್ವವಾಯುವಿನಂಥ ತೊಂದರೆ ಆಗುತ್ತಿತ್ತು. ಹೀಗಾಗಿ 2004ರ ಕೊನೆಗೆ ಭಾರತದಲ್ಲಿ ಇದರ ತಯಾರಿಕೆಯನ್ನೇ ನಿಲ್ಲಿಸಿದರು. ಒಂದು ಔಷಧಿ ಜೀವ ಉಳಿಸಿದರೂ ಅದಕ್ಕಿಂತ ಒಳ್ಳೆಯದು ಸಿಕ್ಕಾಗ ಹಳೆಯದನ್ನು ಕೈಬಿಡುವುದು ವಿಜ್ಞಾನದ ಗುಣ.

ಈಗಿನ ಲಸಿಕೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಅದರಲ್ಲಿ ಮಿದುಳಿನ ಅಂಶ ಇಲ್ಲ. ಸೂಜಿ ತೋಳಿಗೆ, ಹೊಟ್ಟೆಗಲ್ಲ. ಚರ್ಮದ ಪದರದೊಳಗೆ ಕೊಡುವ ವಿಧಾನದಲ್ಲಿ ನಾಲ್ಕು ಸಲ ಹೋಗಬೇಕು: ಮೊದಲ ಸೂಜಿಯ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವ ವಿಧಾನದಲ್ಲಿ 14ನೇ ದಿನವೂ ಸೇರಿ ಐದು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ನಡುವೆ ಒಂದು ದಿನವನ್ನೂ ತಪ್ಪಿಸಬಾರದು. ಎರಡು ಸೂಜಿ ಆದ ಮೇಲೆ "ನಾಳೆ ಜಾತ್ರೆ, ಆಮೇಲೆ ನೋಡೋಣ" ಎನ್ನಬಾರದು.

ಲಸಿಕೆ ಪಡೆದ ದೇಹ ಪ್ರತಿಕಾಯಗಳನ್ನು ತಯಾರಿಸಲು ಒಂದೆರಡು ವಾರ ಬೇಕು. ಆಳವಾದ ಗಾಯವಾಗಿ ರಕ್ತ ಬಂದಿದ್ದರೆ ಅಷ್ಟು ದಿನ ಕಾಯುವುದು ಅಪಾಯ. ಆಗ ಸಿದ್ಧ ಪ್ರತಿಕಾಯಗಳಿರುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನು ಗಾಯದ ಸುತ್ತಲೇ ಕೊಡುತ್ತಾರೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಇಲ್ಲದಿದ್ದರೆ ವೈದ್ಯರು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ತಡಮಾಡದೆ ಹೋಗಬೇಕು. ವೈರಸ್ ಒಮ್ಮೆ ನರತಂತುವಿನೊಳಗೆ ಹೊಕ್ಕರೆ ಪ್ರತಿಕಾಯಗಳಿಗೆ ಅದು ಸುಲಭವಾಗಿ ಸಿಗುವುದಿಲ್ಲ. ಹೊರಗಿರುವಾಗಲೇ ಹಿಡಿಯಬೇಕು.

ನಾಯಿ ನಮ್ಮದೇ ಆಗಿದ್ದರೂ, ನೋಡಲು ಚೆನ್ನಾಗಿದ್ದರೂ ಲಸಿಕೆ ಶುರು ಮಾಡಬೇಕು. ಜೊತೆಗೆ ನಾಯಿಯನ್ನು ಹತ್ತು ದಿನ ಗಮನಿಸಬೇಕು. ಹತ್ತು ದಿನವಾದ ಮೇಲೂ ಅದು ಆರೋಗ್ಯವಾಗಿದ್ದರೆ ಮುಂದೇನು ಎಂಬುದನ್ನು ವೈದ್ಯರು ಹೇಳುತ್ತಾರೆ. "ಹತ್ತು ದಿನ ನೋಡೋಣ, ಆಮೇಲೆ ಸೂಜಿ" ಎಂಬುದು ತಿರುಗುಮುರುಗು ಲೆಕ್ಕ.

ನಾಟಿ ಮದ್ದು ಕೆಲಸ ಮಾಡಿದಂತೆ ಕಾಣುವುದೇಕೆ?

"ನಮ್ಮ ದೊಡ್ಡಪ್ಪನಿಗೆ ನಾಯಿ ಕಚ್ಚಿದಾಗ ಸೊಪ್ಪಿನ ರಸ ಕೊಟ್ಟರು, ಏನೂ ಆಗಲಿಲ್ಲ" ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಲೆಕ್ಕದಲ್ಲಿ ಒಂದು ಕೊರತೆ ಇದೆ. ಯೋಚಿಸಿ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದೇ ಇಲ್ಲ. ಮರಿ ಹಾಕಿದ ನಾಯಿ, ಬಾಲ ತುಳಿಸಿಕೊಂಡ ನಾಯಿ, ಕಲ್ಲೇಟು ತಿಂದ ನಾಯಿ, ಇವೂ ಕಚ್ಚುತ್ತವೆ. ಅಂಥ ನಾಯಿ ಕಚ್ಚಿದವರು ಸೊಪ್ಪಿನ ರಸ ಕುಡಿದರೂ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಾರೆ. ಹೆಸರು ಮಾತ್ರ ಸೊಪ್ಪಿಗೆ!

ಮದ್ದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಬೇಕಾದರೆ, ಮದ್ದು ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಬೇಕು. ಕಚ್ಚಿದ ನಾಯಿಗೆ ರೋಗವಿತ್ತೇ ಎಂದು ಖಚಿತವಾಗಿ ಗೊತ್ತಿರಬೇಕು. ಬದುಕಿದವರ ಕಥೆಯ ಜೊತೆ ಸತ್ತವರ ಕಥೆಯನ್ನೂ ಕೇಳಬೇಕು. ಸತ್ತವರು ಬಂದು ಕಥೆ ಹೇಳುವುದಿಲ್ಲ. ಮದ್ದು ಕೊಡುವ ಹಿರಿಯರಿಗೆ ನೀವು ಎದುರು ಮಾತಾಡಬೇಕಿಲ್ಲ. "ಅದೂ ಇರಲಿ, ಮೊದಲು ಆಸ್ಪತ್ರೆಗೆ ಹೋಗೋಣ" ಎಂದು ಹಟ ಹಿಡಿಯಿರಿ. ಈ ಒಂದು ವಿಷಯದಲ್ಲಿ ಹಟ ಮಾಡುವ ಮಗುವೇ ಒಳ್ಳೆಯ ಮಗು.

ಎಷ್ಟು ಜನ ಸಾಯುತ್ತಾರೆ?

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗ ಶಂಕೆಯಿರುವ ಪ್ರಾಣಿ ಕಚ್ಚಿದವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲಿ 2003ರ ಸಮೀಕ್ಷೆಯೊಂದು ವರ್ಷಕ್ಕೆ 20,000 ಸಾವು ಎಂದು ಹೇಳಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022–23ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅದು ಸುಮಾರು 5,700. ಲೆಕ್ಕ ಹಾಕುವ ವಿಧಾನಗಳು ಬೇರೆ ಬೇರೆ. ಆದರೂ ಸಾವು ಕಡಿಮೆಯಾಗುತ್ತಿದೆ ಎಂದು ನಂಬಲು ಕಾರಣವಿದೆ. ನಮ್ಮ ರಾಜ್ಯ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಘೋಷಿಸಿತು. ಲೆಕ್ಕ ಸಿಕ್ಕರೆ ತಾನೆ ಕೆಲಸ ಮಾಡಲು ಸಾಧ್ಯ?

ಆದರೆ 5,700 ಎಂಬುದು ಸಮಾಧಾನದ ಸಂಖ್ಯೆಯಲ್ಲ. ಮದ್ದಿಲ್ಲದ ರೋಗದಿಂದ ಸತ್ತರೆ ದುಃಖ. ನೂರಾ ನಲವತ್ತು ವರ್ಷದಿಂದ ಲಸಿಕೆ ಇರುವ ರೋಗದಿಂದ ಸತ್ತರೆ ಅದು ನಾಚಿಕೆಯ ವಿಷಯ.

ನಾಯಿ ನಮ್ಮ ಶತ್ರುವಲ್ಲ

ಇಷ್ಟು ಓದಿ ನೀವು ಬೀದಿನಾಯಿಗೆ ಕಲ್ಲು ಹೊಡೆಯಲು ಹೊರಟರೆ ನನ್ನ ಲೇಖನ ವ್ಯರ್ಥ. ನಮ್ಮ ಕಡೆ ಕುರಿ ಹಟ್ಟಿಗಳಲ್ಲಿ ನಾಯಿ ಇಲ್ಲದೆ ರಾತ್ರಿ ಕಳೆಯುವುದು ಕಷ್ಟ. ನಾಯಿಯೂ ಈ ರೋಗದ ಬಲಿಯೇ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ವೈರಸ್ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗದೆ ಸೋಲುತ್ತದೆ. ನಮ್ಮ ಪಕ್ಕದ ಗೋವಾ ರಾಜ್ಯ ನಾಯಿಗಳಿಗೆ ವರ್ಷ ವರ್ಷವೂ ಬಿಡದೆ ಲಸಿಕೆ ಹಾಕಿಸಿತು. 2021ರಲ್ಲಿ ಅದನ್ನು ರೇಬೀಸ್ ನಿಯಂತ್ರಿತ ರಾಜ್ಯ ಎಂದು ಘೋಷಿಸಿದರು. ನಮ್ಮ ಪಂಚಾಯಿತಿಗಳು ಯಾಕೆ ಈ ಕೆಲಸ ಮಾಡಬಾರದು? ಮಕ್ಕಳ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಿ. ನಿಮ್ಮ ಮನೆಯ ನಾಯಿಗೆ, ಕುರಿ ಕಾಯುವ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ ಎಂದು ಮನೆಯವರಿಗೆ ನೆನಪಿಸಿ.

ನಾಯಿ ಮಾತ್ರವಲ್ಲ, ಬೆಕ್ಕು, ಮಂಗ, ನರಿ, ತೋಳ, ಮುಂಗುಸಿಗಳಿಂದಲೂ ರೇಬೀಸ್ ಬರಬಹುದು. ಬೆಕ್ಕು ಪರಚಿದ್ದನ್ನೂ ಹೇಳಿ. ಆದರೆ ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ, ನಾಯಿಯನ್ನು ಮುಟ್ಟಿದರೆ ಹೆದರಬೇಕಿಲ್ಲ. ತೊಳೆದುಕೊಂಡರೆ ಸಾಕು.

ದೊಡ್ಡವರಿಗೂ ಒಂದು ಮಾತು

ಈ ಪುಟವನ್ನು ನಿಮ್ಮ ಶಿಕ್ಷಕರಿಗೂ, ಅಪ್ಪ ಅಮ್ಮನಿಗೂ ಓದಿ ಹೇಳಿ. ಏಕೆಂದರೆ ಇದು ಅವರಿಗೆ.

ಮಗು ಬಂದು "ನಾಯಿ ಕಚ್ಚಿತು" ಎಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ನಿನಗೆ ಯಾರು ಅದರ ಹತ್ತಿರ ಹೋಗು ಅಂದಿದ್ದು?" ಹಾಗೆ ಒಂದು ಸಲ ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದಿಲ್ಲ. ಅದರ ತಂಗಿಯೂ ಹೇಳುವುದಿಲ್ಲ. ಇಲ್ಲಿ ಮೌನಕ್ಕೆ ಕೊಡಬೇಕಾದ ಬೆಲೆ ಒಂದು ಜೀವ. ಬೈಯುವುದಿದ್ದರೆ 28ನೇ ದಿನದ ಸೂಜಿ ಆದ ಮೇಲೆ ಬೈಯೋಣ. ಮೊದಲು "ಹೇಳಿದ್ದು ಒಳ್ಳೆಯದಾಯ್ತು" ಎನ್ನೋಣ.

ಕೂಲಿಗೆ ಹೋಗುವ ಅಪ್ಪ ಅಮ್ಮನಿಗೆ ನಾಲ್ಕು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದು ಸುಲಭವಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಶಾಲೆಯೂ ಹೆಗಲು ಕೊಡಬೇಕು. ಪ್ರತಿ ಶಾಲೆಯಲ್ಲೂ ನಲ್ಲಿಯ ಬಳಿ ಸೋಪು ಇರಲಿ. ತಿಂಗಳಿಗೊಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ "ಯಾರಿಗಾದರೂ ನಾಯಿ, ಬೆಕ್ಕು, ಮಂಗ ಕಚ್ಚಿದೆಯೇ?" ಎಂದು ಕೇಳಲಿ. ಕಚ್ಚಿಸಿಕೊಂಡ ಮಗುವಿನ ಮುಂದಿನ ಸೂಜಿಯ ದಿನಾಂಕವನ್ನು ತರಗತಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಇದಕ್ಕೆ ಖರ್ಚಿಲ್ಲ, ಯಾರ ಆದೇಶವೂ ಬೇಕಿಲ್ಲ.

ಪಾಸ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ದಿನ ಭಾಷಣ, ಪ್ರಬಂಧ ಸ್ಪರ್ಧೆ ಇರಲಿ. ಜೊತೆಗೆ ಒಂದು ಬಕೆಟ್ ನೀರು, ಒಂದು ಸೋಪು, ಒಂದು ಗಡಿಯಾರ ಇಟ್ಟು ಗಾಯ ತೊಳೆಯುವುದನ್ನು ಎಲ್ಲರೂ ಮಾಡಿ ಕಲಿಯಲಿ.

ನೆನಪಿಡಿ

1. ಕಚ್ಚಿದರೆ, ಪರಚಿದರೆ ತಕ್ಷಣ ದೊಡ್ಡವರಿಗೆ ಹೇಳಿ. ಮೊದಲು ಸಿಕ್ಕವರು ಯಾರಾದರೂ ಸರಿ.
2. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ.
3. ಸುಣ್ಣ, ಖಾರ, ಅರಿಶಿನ ಹಾಕಬೇಡಿ. ಬಿಗಿಯಾಗಿ ಕಟ್ಟಬೇಡಿ.
4. ಅದೇ ದಿನ ಆಸ್ಪತ್ರೆಗೆ ಹೋಗಿ. ಹೋಗುವುದು ತಡವಾಗಿದ್ದರೂ, ಕಚ್ಚಿ ವಾರಗಳೇ ಕಳೆದಿದ್ದರೂ ಹೋಗಿ.
5. ವೈದ್ಯರು ಹೇಳಿದ ಎಲ್ಲ ಸೂಜಿಗಳನ್ನೂ ಹೇಳಿದ ದಿನವೇ ಹಾಕಿಸಿಕೊಳ್ಳಿ.

ನಾಲ್ಕನೆಯದನ್ನು ಮತ್ತೊಮ್ಮೆ ಓದಿ. ಇದನ್ನು ಓದುತ್ತಿರುವ ನಿಮಗೇ ಕಳೆದ ವಾರವೋ ಕಳೆದ ತಿಂಗಳೋ ನಾಯಿ ಕಚ್ಚಿದ್ದು, ಯಾರಿಗೂ ಹೇಳಿರದಿದ್ದರೆ, ಇನ್ನೂ ಸಮಯವಿದೆ. ಪತ್ರಿಕೆ ಮಡಚಿಡಿ. ಎದ್ದು ಹೋಗಿ ನಿಮ್ಮ ಶಿಕ್ಷಕರಿಗೆ ಈಗಲೇ ಹೇಳಿ.